‘ಈಗ ಬೇಡ, ಆಮೇಲೆ ಬನ್ನಿ’: ಆಪರೇಷನ್ ಆದ ಮನೆಯ ಬಾಗಿಲಲ್ಲಿ ಹೇಳಬೇಕಾದ ಮಾತು

ರೋಗಿಯನ್ನು ಕಾಣಲು ಹೋಗುವುದು, ಅಂದರೆ ಇಯಾದತ್, ನಮ್ಮಲ್ಲಿ ಬರಿಯ ಲೋಕರೂಢಿಯಲ್ಲ. ಒಬ್ಬ ಮುಸ್ಲಿಮನ ಮೇಲೆ ಇನ್ನೊಬ್ಬ ಮುಸ್ಲಿಮನಿಗಿರುವ ಐದು ಹಕ್ಕುಗಳನ್ನು ಪ್ರವಾದಿ(ಸ) ಎಣಿಸಿ ಹೇಳಿದ್ದಾರೆ: ಸಲಾಮಿಗೆ ಉತ್ತರಿಸುವುದು, ರೋಗಿಯನ್ನು ಸಂದರ್ಶಿಸುವುದು, ಜನಾಝದ ಜೊತೆ ಹೋಗುವುದು, ಕರೆದಾಗ ಹೋಗುವುದು, ಸೀನಿದವನಿಗಾಗಿ ಪ್ರಾರ್ಥಿಸುವುದು. ಬುಖಾರಿ ಮತ್ತು ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿ ಈ ಹದೀಸ್ ಇದೆ. ಆದ್ದರಿಂದಲೇ ನಮ್ಮ ಮೊಹಲ್ಲಾಗಳಲ್ಲಿ ಯಾರಿಗಾದರೂ ಆಪರೇಷನ್ ಆಯಿತೆಂದು ತಿಳಿದರೆ ಜನ ಸುಮ್ಮನಿರುವುದಿಲ್ಲ. ಇದು ನಮ್ಮ ಸಮಾಜದ ದೊಡ್ಡ ಸಂಪತ್ತು. ಅದನ್ನು ಕಡಿಮೆ ಮಾಡಿಕೊಳ್ಳಿ ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ.

ಆದರೆ ಈ ಒಳ್ಳೆಯ ಕೆಲಸವೇ ಕೆಲವೊಮ್ಮೆ ರೋಗಿಗೆ ಭಾರವಾಗುತ್ತದೆ. ನಮ್ಮ ಜಿಲ್ಲೆಯ ಸ್ಥಿತಿಯನ್ನೇ ನೋಡಿ. ಹೊಳಲ್ಕೆರೆ, ಹೊಸದುರ್ಗದ ಕುಟುಂಬಗಳು ದೊಡ್ಡ ಆಪರೇಷನ್‌ಗೆ ಚಿತ್ರದುರ್ಗಕ್ಕೋ ದಾವಣಗೆರೆಗೋ ಹೋಗುತ್ತವೆ. ಹಿರಿಯೂರಿನವರಿಗೆ ಚಿತ್ರದುರ್ಗ ಹತ್ತಿರ, ಹೃದಯದ ತೊಂದರೆಯಾದರೆ ಬೆಂಗಳೂರಿನ ಜಯದೇವ. ಚಿತ್ರದುರ್ಗದಿಂದ ಬೆಂಗಳೂರು ಸುಮಾರು 200 ಕಿಲೋಮೀಟರ್. ಹೊಲಿಗೆ ಹಾಕಿಸಿಕೊಂಡವರು ನಾಲ್ಕು ಗಂಟೆ ಹೆದ್ದಾರಿಯಲ್ಲಿ ಕಾರಿನಲ್ಲಿ ಕುಳಿತು ಮನೆ ತಲುಪುವಷ್ಟರಲ್ಲಿ ಹಾಲ್‌ನಲ್ಲಿ ಹದಿನೈದು ಜನ ಕಾಯುತ್ತಿರುತ್ತಾರೆ. ನಾಲ್ಕೂ ಊರುಗಳಲ್ಲಿ ಬೀಗರು, ನೆಂಟರು ಹಂಚಿಹೋಗಿದ್ದಾರೆ. ಊರಿಂದ ಊರಿಗೆ ಬಸ್ಸಿನಲ್ಲಿ ಒಂದೋ ಒಂದೂವರೆಯೋ ಗಂಟೆಯ ದಾರಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚೂ ಇಲ್ಲ. ಬರುವುದು ಸುಲಭವಾಗಿದೆ. ಸಂತೋಷವೇ. ಆದರೆ ಹಾಸಿಗೆಯಲ್ಲಿರುವವರ ಮೈ ಈ ಭೇಟಿಗಳನ್ನು ತಾಳುತ್ತದೆಯೇ ಎಂದು ಕೇಳುವವರು ಕಡಿಮೆ.

ಮನೆಯವರಿಗೂ ಇದು ಗೊತ್ತು. ಆದರೂ ಬಾಯಿ ತೆರೆಯುವುದಿಲ್ಲ. ‘ಬಾಗಿಲಿಗೆ ಬಂದವರನ್ನು ವಾಪಸ್ ಕಳಿಸಿದರು’ ಎಂಬ ಮಾತು ಒಮ್ಮೆ ಹುಟ್ಟಿದರೆ ಮುಂದಿನ ಶಾದಿಯವರೆಗೂ ಅದು ತಿರುಗುತ್ತದೆ ಎಂಬ ಭಯ. ಈ ಭಯಕ್ಕೆ ನಮ್ಮ ದೀನ್‌ನಲ್ಲಿ ಆಧಾರವಿಲ್ಲ ಎಂಬುದನ್ನೂ, ‘ಈಗ ಬೇಡ’ ಎಂಬ ಮಾತನ್ನು ಮನಸ್ಸು ನೋಯದಂತೆ ಹೇಳುವುದು ಹೇಗೆಂಬುದನ್ನೂ ಇಲ್ಲಿ ನೋಡೋಣ.

ಆಪರೇಷನ್ ಆದ ದೇಹಕ್ಕೆ ಏನು ಬೇಕು?

ಮೊದಲು ದೇಹದ ವಿಷಯ. ಹೊಲಿಗೆ ಹಾಕಿದ ಚರ್ಮದ ಮೇಲ್ಪದರ ಸಾಮಾನ್ಯವಾಗಿ ಎರಡು ದಿನಗಳಲ್ಲಿ ಕೂಡಿಕೊಳ್ಳುತ್ತದೆ. ನೋಡುವವರಿಗೆ ಗಾಯ ಒಣಗಿದಂತೆ ಕಾಣುತ್ತದೆ. ಆದರೆ ಒಳಗಿನ ಪದರಗಳು ಸಾಕಷ್ಟು ಬಲ ಪಡೆಯಲು ವಾರಗಳೇ ಬೇಕು. ಹೊಟ್ಟೆಯ ದೊಡ್ಡ ಆಪರೇಷನ್, ಸಿಸೇರಿಯನ್, ಗರ್ಭಕೋಶ ತೆಗೆಯುವ ಆಪರೇಷನ್ ಮುಂತಾದವುಗಳಲ್ಲಿ ಸುಮಾರು ಆರು ವಾರ ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳುವುದು ಇದಕ್ಕೇ. ಹೃದಯದ ಬೈಪಾಸ್‌ಗಾಗಿ ಎದೆಯ ಮೂಳೆ ಕತ್ತರಿಸಿದ್ದರೆ ಅದು ಕೂಡಿಕೊಳ್ಳಲು ಇನ್ನೂ ಹೆಚ್ಚು ದಿನ ಹಿಡಿಯಬಹುದು.

ಗಾಯಕ್ಕೆ ನಂಜಾಗುವ ಅಪಾಯ ಆಸ್ಪತ್ರೆಯಲ್ಲೇ ಮುಗಿಯುವುದಿಲ್ಲ. ಆಪರೇಷನ್ ಆದ 30 ದಿನಗಳವರೆಗೆ ಕಾಣಿಸಿಕೊಳ್ಳುವ ಸೋಂಕನ್ನು ವೈದ್ಯರು ಆಪರೇಷನ್‌ಗೆ ಸಂಬಂಧಿಸಿದ್ದೆಂದೇ ಲೆಕ್ಕ ಹಿಡಿಯುತ್ತಾರೆ. ಮೊಣಕಾಲಿನ ಕೀಲು ಬದಲಿಸಿದಂತಹ, ದೇಹದೊಳಗೆ ಕೃತಕ ಭಾಗ ಇಟ್ಟ ಆಪರೇಷನ್‌ಗಳಲ್ಲಿ ಈ ಅವಧಿ 90 ದಿನ. ಅಂದರೆ ಜನ ಅತಿ ಹೆಚ್ಚು ಬರುವ ಮನೆಯ ದಿನಗಳೂ ಎಚ್ಚರಿಕೆಯ ದಿನಗಳೇ. ಸಕ್ಕರೆ ಕಾಯಿಲೆ ಇರುವವರಿಗೆ, ವಯಸ್ಸಾದವರಿಗೆ, ಬೀಡಿ–ಸಿಗರೇಟು ಸೇದುವವರಿಗೆ ಅಪಾಯ ಇನ್ನೂ ಹೆಚ್ಚು.

ಈ ದಿನಗಳಲ್ಲಿ ದೇಹ ಕೇಳುವುದು ನಾಲ್ಕೇ: ನಿದ್ದೆ, ಸರಿಯಾದ ಊಟ, ಹೊತ್ತಿಗೆ ಸರಿಯಾಗಿ ಔಷಧಿ, ಡಾಕ್ಟರು ಹೇಳಿದಷ್ಟು ಓಡಾಟ. ಕೋಣೆಯ ತುಂಬ ಜನ ಕುಳಿತರೆ ಈ ನಾಲ್ಕೂ ತಪ್ಪುತ್ತವೆ.

ಜನ ತುಂಬಿದ ಕೋಣೆಯಲ್ಲಿ ಏನಾಗುತ್ತದೆ?

ನೋಡಲು ಬಂದವರೆದುರು ಮಲಗಿರುವುದು ಬೇಅದಬಿ ಎಂದುಕೊಂಡು ರೋಗಿ ಎದ್ದು ಕೂರುತ್ತಾರೆ. ಹೊಟ್ಟೆಯ ಹೊಲಿಗೆ ಎಳೆಯುತ್ತದೆ. ಹೆಂಗಸರಾದರೆ ಪ್ರತಿ ಸಲ ತಲೆಯ ಮೇಲೆ ದುಪಟ್ಟಾ ಸರಿಮಾಡಿಕೊಳ್ಳಬೇಕು, ಮೈ ಮುಚ್ಚಿಕೊಳ್ಳಬೇಕು. ಸೆಕೆಯಲ್ಲಿ ಬೆವರಿ ಡ್ರೆಸ್ಸಿಂಗ್ ಒದ್ದೆಯಾಗುತ್ತದೆ. ಹಾಲ್‌ನಲ್ಲಿ ಗಂಡಸರು ಕುಳಿತಿದ್ದಾರೆಂದು ಬಚ್ಚಲಿಗೆ ಹೋಗದೆ ಮೂತ್ರ ತಡೆದುಕೊಳ್ಳುವವರಿದ್ದಾರೆ. ಹೊಟ್ಟೆಯ ಆಪರೇಷನ್ ನಂತರ ಗಾಳಿ ಹೋಗುವುದು ಕರುಳು ಮತ್ತೆ ಕೆಲಸ ಶುರುಮಾಡಿದೆ ಎಂಬುದರ ಲಕ್ಷಣ. ಜನರೆದುರು ನಾಚಿಕೊಂಡು ಅದನ್ನೂ ತಡೆಯುತ್ತಾರೆ. ಕಾಲಿನ ನರಗಳಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು ಡಾಕ್ಟರು ಆಗಾಗ ನಾಲ್ಕು ಹೆಜ್ಜೆ ನಡೆಯಲು ಹೇಳಿರುತ್ತಾರೆ. ಕೋಣೆಯಲ್ಲಿ ಜಾಗವೇ ಇರುವುದಿಲ್ಲ.

ಇನ್ನು ಸೋಂಕು. ನೆಗಡಿ, ಕೆಮ್ಮು ಇರುವ ಒಬ್ಬರು ಬಂದು ಹೋದರೂ ಸಾಕು, ಅದು ರೋಗಿಗೆ ಅಂಟಬಹುದು. ನಮಗೆ ನಿಮಗೆ ನೆಗಡಿ ಮೂರು ದಿನದ ಕಾಟ. ಹೊಟ್ಟೆಗೋ ಎದೆಗೋ ಹೊಲಿಗೆ ಇರುವವರಿಗೆ ಪ್ರತಿ ಕೆಮ್ಮೂ ಚಾಕುವಿನ ಇರಿತ. ಹರ್ನಿಯಾ ಆಪರೇಷನ್ ಆದವರಿಗೆ ಬಿಡದೆ ಬರುವ ಕೆಮ್ಮು ಹೊಲಿಗೆಯ ಮೇಲೆಯೇ ಒತ್ತಡ ಹಾಕುತ್ತದೆ.

ಕೈಗಳ ವಿಷಯವಂತೂ ಹಳೆಯ ಪಾಠ. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮೆಲ್‌ವೈಸ್ ಎಂಬ ವೈದ್ಯರು ಹೆರಿಗೆ ವಾರ್ಡಿಗೆ ಬರುವ ಎಲ್ಲ ವೈದ್ಯರೂ ವಿದ್ಯಾರ್ಥಿಗಳೂ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಲೇಬೇಕೆಂದು ನಿಯಮ ಮಾಡಿದರು. ಅದಕ್ಕೆ ಹಿಂದಿನ ವರ್ಷ ಆ ವಾರ್ಡಿನಲ್ಲಿ ನೂರಕ್ಕೆ 11ರಷ್ಟು ಬಾಣಂತಿಯರು ಸಾಯುತ್ತಿದ್ದರು. 1848ರಲ್ಲಿ ಅದು ನೂರಕ್ಕೆ ಒಂದೆರಡಕ್ಕೆ ಇಳಿಯಿತು. ಅಲ್ಲಿ ಅಪಾಯ ತಂದದ್ದು ವೈರಿಗಳ ಕೈಯಲ್ಲ, ಉಪಚಾರ ಮಾಡಲು ಬಂದವರ ಕೈ. ಬಸ್ಸಿನ ಕಂಬಿ, ದುಡ್ಡು, ಮೊಬೈಲು ಮುಟ್ಟಿ ಬಂದ ನಮ್ಮ ಕೈಗೂ ಈ ಮಾತು ಅನ್ವಯಿಸುತ್ತದೆ.

ಬಂದವರು ಬರಿಗೈಯಲ್ಲಿ ಬರುವುದಿಲ್ಲ, ಸಲಹೆಯನ್ನೂ ತರುತ್ತಾರೆ. ‘ಹೊಲಿಗೆ ತೋರಿಸು ನೋಡೋಣ’ ಎಂದು ಬ್ಯಾಂಡೇಜ್ ಸರಿಸುವವರು, ‘ಎಣ್ಣೆ–ಅರಿಸಿನ ಹಚ್ಚು’ ಎನ್ನುವವರು, ‘ಮೊಟ್ಟೆ, ಮಾಂಸ ನಂಜು, ಕೀವಾಗುತ್ತದೆ’ ಎಂದು ಹೆದರಿಸುವವರು. ವಾಸ್ತವವಾಗಿ ಗಾಯ ಮಾಯಲು ಪ್ರೋಟೀನ್ ಬೇಕೇಬೇಕು. ಡಾಕ್ಟರು ಬೇರೆ ಕಾರಣಕ್ಕೆ ಬೇಡವೆನ್ನದಿದ್ದರೆ ಮೊಟ್ಟೆ, ಬೇಳೆ, ಹಾಲು, ಕೋಳಿ, ಮೀನು ಗಾಯಕ್ಕೆ ಒಳ್ಳೆಯದೇ. ‘ನಮ್ಮೂರಲ್ಲಿ ಒಬ್ಬರಿಗೆ ಇದೇ ಆಪರೇಷನ್ ಆಗಿತ್ತು, ಪಾಪ ಉಳಿಯಲಿಲ್ಲ’ ಎಂದು ಹಾಸಿಗೆಯ ಪಕ್ಕದಲ್ಲೇ ಕಥೆ ಹೇಳುವವರೂ ಇದ್ದಾರೆ. ಆ ರಾತ್ರಿ ರೋಗಿಗೆ ನಿದ್ದೆ ಎಲ್ಲಿಂದ ಬರಬೇಕು?

ಇನ್ನೊಬ್ಬರನ್ನು ನಾವು ಮರೆಯುತ್ತೇವೆ. ಆರೈಕೆ ಮಾಡುವ ಹೆಂಡತಿ, ಮಗಳು ಅಥವಾ ಸೊಸೆ. ಹತ್ತು ಜನ ಬಂದರೆ ಹತ್ತು ಕಪ್ ಚಹಾ, ಮಧ್ಯಾಹ್ನವಾದರೆ ಊಟ. ಗಾಯದ ಡ್ರೆಸ್ಸಿಂಗ್ ನೋಡಬೇಕಾದ ಕೈ ಅಡುಗೆಮನೆಯಲ್ಲಿ ಸಿಕ್ಕಿಬೀಳುತ್ತದೆ. ಎರಡು ಗಂಟೆಗೆ ಕೊಡಬೇಕಾದ ಮಾತ್ರೆ ನಾಲ್ಕಕ್ಕೆ ನೆನಪಾಗುತ್ತದೆ.

ದೀನ್ ಏನು ಹೇಳುತ್ತದೆ?

ಬಂದವರಿಗೆ ‘ಈಗ ಆಗದು’ ಎನ್ನುವುದು ಅವಮಾನವೆಂದು ಭಾವಿಸುವವರು ಪವಿತ್ರ ಕುರ್‌ಆನ್‌ನ ಅನ್ನೂರ್ ಅಧ್ಯಾಯದ 27 ಮತ್ತು 28ನೆಯ ಸೂಕ್ತಗಳನ್ನು ನೋಡಬೇಕು. ಇತರರ ಮನೆಗೆ ಅನುಮತಿ ಕೇಳದೆ, ಸಲಾಮ್ ಹೇಳದೆ ಪ್ರವೇಶಿಸಬಾರದು ಎಂಬ ಮೊದಲ ಭಾಗ ನಮಗೆಲ್ಲ ಗೊತ್ತು. ಎರಡನೆಯ ಭಾಗ ಅಷ್ಟಾಗಿ ನೆನಪಿರುವುದಿಲ್ಲ: ಹಿಂತಿರುಗಿ ಎಂದು ಹೇಳಲಾದರೆ ಹಿಂತಿರುಗಬೇಕು, ಅದೇ ನಿಮಗೆ ಹೆಚ್ಚು ಪರಿಶುದ್ಧ ನಡತೆ ಎಂದು ಅಲ್ಲಿ ಆದೇಶವಿದೆ. ಗಮನಿಸಿ: ಮನೆಯವರು ಕಾರಣ ಕೊಡಲೇಬೇಕೆಂದು ಅಲ್ಲಿ ಹೇಳಿಲ್ಲ. ಹಿಂತಿರುಗುವವನು ಚಿಕ್ಕವನಾದ ಎಂದೂ ಇಲ್ಲ. ಬದಲಿಗೆ ಹಿಂತಿರುಗಿದವನಿಗೆ ಪರಿಶುದ್ಧತೆಯ ಭರವಸೆ ಇದೆ. ಅಂದಮೇಲೆ ಅನುಮತಿ ಕೊಡುವ, ಕೊಡದಿರುವ ಹಕ್ಕು ಮನೆಯವರದು. ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಹಿಂತಿರುಗುವ ಹೊಣೆ ಬಂದವರದು.

ಪ್ರವಾದಿಯವರ(ಸ) ಸಂಗಾತಿಗಳು ಇದನ್ನು ನಡೆಸಿ ತೋರಿಸಿದ್ದಾರೆ. ಅಬೂ ಮೂಸಾ ಅಲ್ ಅಶ್‌ಅರಿ(ರ) ಖಲೀಫಾ ಉಮರ್(ರ) ಅವರ ಬಾಗಿಲಿಗೆ ಬಂದು ಮೂರು ಸಲ ಅನುಮತಿ ಕೇಳಿದರು. ಉತ್ತರ ಸಿಗದಿದ್ದಾಗ ಹಿಂತಿರುಗಿದರು. ಯಾಕೆ ಹೋದಿರಿ ಎಂದು ಉಮರ್(ರ) ಕೇಳಿದಾಗ, ಮೂರು ಸಲ ಕೇಳಿಯೂ ಅನುಮತಿ ಸಿಗದಿದ್ದರೆ ಹಿಂತಿರುಗಬೇಕೆಂದು ಪ್ರವಾದಿ(ಸ) ಹೇಳಿದ್ದಾರೆ ಎಂದರು. ಅದಕ್ಕೆ ಸಾಕ್ಷಿ ತರುವಂತೆ ಉಮರ್(ರ) ಹೇಳಿದರು, ಅಬೂ ಸಈದ್ ಅಲ್ ಖುದ್ರಿ(ರ) ಬಂದು ಸಾಕ್ಷಿ ನುಡಿದರು. ಬಾಗಿಲು ತೆರೆಯಲಿಲ್ಲವೆಂಬ ಮುನಿಸಿನ ಸುಳಿವೂ ಈ ವರದಿಯಲ್ಲಿಲ್ಲ.

ಹೇಳಲು ಸಂಕೋಚವಾಗುತ್ತದೆ ಎನ್ನುವವರಿಗೆ ಅಲ್ ಅಹ್‌ಝಾಬ್ ಅಧ್ಯಾಯದ 53ನೆಯ ಸೂಕ್ತದಲ್ಲಿ ಸಮಾಧಾನವಿದೆ. ಝೈನಬ್ ಬಿನ್ತ್ ಜಹ್ಶ್(ರ) ಅವರೊಂದಿಗಿನ ವಿವಾಹದ ವಲೀಮಾದ ದಿನ ಊಟ ಮುಗಿದ ಮೇಲೂ ಕೆಲವರು ಮಾತಾಡುತ್ತ ಕುಳಿತೇ ಇದ್ದರು. ಪ್ರವಾದಿ(ಸ) ಎದ್ದು ಹೊರಗೆ ಹೋಗಿ ಬಂದರೂ ಅವರು ಎದ್ದಿರಲಿಲ್ಲ. ಎದ್ದು ಹೋಗಿ ಎಂದು ಹೇಳಲು ಪ್ರವಾದಿಯವರಿಗೆ(ಸ) ಸಂಕೋಚವಾಯಿತು. ಆಗ ಅವತೀರ್ಣವಾದ ಸೂಕ್ತ, ಊಟವಾದ ಮೇಲೆ ಹರಟೆಗೆ ಕೂರಬೇಡಿ, ಅದು ಪ್ರವಾದಿಗೆ ನೋವು ಕೊಡುತ್ತದೆ ಎಂದು ತಿಳಿಸಿತು. ಸತ್ಯ ಹೇಳಲು ಅಲ್ಲಾಹನು ಸಂಕೋಚಪಡುವುದಿಲ್ಲ ಎಂದೂ ಸೇರಿಸಿತು. ಹೇಳಲಾಗದ ಸಂಕೋಚ ಒಳ್ಳೆಯವರಿಗೇ ಇರುತ್ತದೆ. ಆದರೆ ಆ ಸಂಕೋಚದಿಂದ ಆಗುವ ತೊಂದರೆ ನಿಜವಾದದ್ದು, ಅದನ್ನು ನಿವಾರಿಸಬೇಕಾದದ್ದು ಎಂದು ಇದರಿಂದ ತಿಳಿಯುತ್ತದೆ.

ಅನ್ನೂರ್ ಅಧ್ಯಾಯದ 58ನೆಯ ಸೂಕ್ತ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಫಜ್ರ್‌ಗೆ ಮುಂಚೆ, ಮಧ್ಯಾಹ್ನ ಬಟ್ಟೆ ಸಡಿಲಿಸಿ ವಿಶ್ರಮಿಸುವ ಹೊತ್ತು, ಇಶಾ ನಂತರ — ಈ ಮೂರು ಹೊತ್ತಿನಲ್ಲಿ ಮನೆಯ ಮಕ್ಕಳೂ ಸೇವಕರೂ ಸಹ ಅನುಮತಿ ಕೇಳಿಯೇ ಒಳಗೆ ಬರಬೇಕು. ಒಂದೇ ಸೂರಿನಡಿ ಇರುವವರಿಗೇ ಈ ಕಟ್ಟು ಇದ್ದರೆ, ಹೊರಗಿನಿಂದ ಬರುವ ನಾವು ರೋಗಿಯ ಮಧ್ಯಾಹ್ನದ ನಿದ್ದೆಯ ಹೊತ್ತಿಗೋ ರಾತ್ರಿ ಹತ್ತು ಗಂಟೆಗೋ ಹೋಗುವುದು ಸರಿಯೇ?

ಹೇಳುವವರು ಯಾರು, ಯಾವಾಗ?

ರೋಗಿಯ ಬಾಯಿಂದ ‘ಬರಬೇಡಿ’ ಎಂದು ಹೇಳಿಸಬಾರದು. ಮನೆಯಲ್ಲಿ ಎಲ್ಲರೂ ಗೌರವಿಸುವ ಒಬ್ಬರು ಆ ಕೆಲಸ ವಹಿಸಿಕೊಳ್ಳಬೇಕು. ಸೊಸೆ ಹೇಳಿದರೆ ‘ಇವಳು ಯಾರು ಹೇಳುವುದಕ್ಕೆ’ ಎಂಬ ಮಾತು ಬರುತ್ತದೆ. ಅದೇ ಮಾತನ್ನು ಅತ್ತೆಯೋ ಹಿರಿಯ ಮಗನೋ ಅಣ್ಣನೋ ಹೇಳಿದರೆ ಯಾರೂ ಎದುರಾಡುವುದಿಲ್ಲ. ತವರಿನವರಿಗೆ ತವರಿನ ಕಡೆಯವರು, ಬೀಗರಿಗೆ ಮನೆಯ ಹಿರಿಯರು ಹೇಳುವುದು ಒಳ್ಳೆಯದು.

ಹೇಳುವ ಹೊತ್ತೂ ಮುಖ್ಯ. ಹೊಸದುರ್ಗದಿಂದ ಬಸ್ಸಿನಲ್ಲಿ ಬಂದು ಬಾಗಿಲಲ್ಲಿ ನಿಂತವರಿಗೆ ಬೇಡವೆನ್ನುವುದು ಕಷ್ಟ; ಅವರು ಬಸ್ ಹತ್ತುವ ಮುಂಚೆ ಹೇಳುವುದು ಸುಲಭ. ಆಪರೇಷನ್‌ನ ದಿನ ಗೊತ್ತಾದ ಕೂಡಲೇ, ಅಥವಾ ಆಪರೇಷನ್ ಮುಗಿಯಿತೆಂಬ ಸುದ್ದಿಯ ಜೊತೆಗೇ ಇದನ್ನೂ ತಿಳಿಸಿಬಿಡಿ. ಸುದ್ದಿ ಮಾತ್ರ ಹೋಗಿ ಕೋರಿಕೆ ಹಿಂದೆ ಉಳಿದರೆ ಜನ ಹೊರಟುಬಿಡುತ್ತಾರೆ. ಕುಟುಂಬದ ವಾಟ್ಸ್‌ಆಪ್ ಗ್ರೂಪಿನಲ್ಲಿ ಹೀಗೆ ಬರೆಯಬಹುದು:

‘ಅಸ್ಸಲಾಮು ಅಲೈಕುಮ್. ಅಲ್‌ಹಮ್ದುಲಿಲ್ಲಾಹ್, ಅಮ್ಮಿಯ ಆಪರೇಷನ್ ಚೆನ್ನಾಗಿ ಆಯಿತು. ಶುಕ್ರವಾರ ಮನೆಗೆ ಬರುತ್ತಾರೆ. ಎರಡು ವಾರ ಪೂರ್ತಿ ವಿಶ್ರಾಂತಿ ಬೇಕು, ಯಾರೂ ಹತ್ತಿರ ಬರುವುದು ಬೇಡ ಎಂದು ಡಾಕ್ಟರು ಹೇಳಿದ್ದಾರೆ. ನಿಮ್ಮೆಲ್ಲರ ದುವಾ ಬೇಕು. ಅವರು ಕೂರುವಂತಾದ ಮೇಲೆ ನಾವೇ ಫೋನ್ ಮಾಡಿ ಕರೆಯುತ್ತೇವೆ, ಇನ್‌ಷಾ ಅಲ್ಲಾಹ್.’

ಈ ಸಂದೇಶದಲ್ಲಿ ನಾಲ್ಕು ಅಂಶಗಳಿವೆ: ಒಳ್ಳೆಯ ಸುದ್ದಿ, ಕಾರಣ, ದುವಾದ ಕೋರಿಕೆ, ಮುಂದೆ ಕರೆಯುತ್ತೇವೆಂಬ ಮಾತು. ಕೊನೆಯದು ಬಹಳ ಮುಖ್ಯ. ‘ಬರಬೇಡಿ’ ಎಂದಷ್ಟೇ ಹೇಳಿದರೆ ಬಾಗಿಲು ಮುಚ್ಚಿದಂತೆ. ‘ಇಂಥ ದಿನದ ನಂತರ ಬನ್ನಿ’ ಎಂದರೆ ಬಾಗಿಲು ತೆರೆಯುವ ದಿನ ಹೇಳಿದಂತೆ. ಡಾಕ್ಟರರ ಹೆಸರಿನಲ್ಲಿ ಸುಳ್ಳು ಹೇಳುವ ಅಗತ್ಯವೂ ಇಲ್ಲ. ಡಿಸ್ಚಾರ್ಜ್ ದಿನ ‘ಎಷ್ಟು ದಿನ ಜನ ಬರಬಾರದು?’ ಎಂದು ನೀವೇ ಕೇಳಿ, ಅವರು ಹೇಳಿದ್ದನ್ನೇ ಹೇಳಿ.

ಜಮಾಅತಿನ ನೆರವೂ ಪಡೆಯಬಹುದು. ಜುಮಾದ ದಿನ ಮಸೀದಿಯಲ್ಲಿ ರೋಗಿಗಾಗಿ ದುವಾ ಮಾಡಿಸುವಾಗ ‘ಸದ್ಯಕ್ಕೆ ಮನೆಗೆ ಹೋಗುವುದು ಬೇಡ, ದುವಾ ಮಾಡಿ’ ಎಂದು ಇಮಾಮ್ ಸಾಹೇಬರು ಒಂದು ಮಾತು ಸೇರಿಸಿದರೆ ಹತ್ತು ಮನೆಗೆ ಫೋನ್ ಮಾಡುವ ಕೆಲಸ ಉಳಿಯುತ್ತದೆ. ಇಮಾಮರ ಬಾಯಿಂದ ಬಂದ ಮಾತಿಗೆ ಯಾರೂ ಬೇಸರಿಸುವುದಿಲ್ಲ.

ಬಾಗಿಲಿಗೆ ಬಂದೇಬಿಟ್ಟರೆ?

ಎಷ್ಟು ಹೇಳಿದರೂ ಕೆಲವರು ಬರುತ್ತಾರೆ. ಪ್ರೀತಿಯಿಂದಲೇ ಬರುತ್ತಾರೆ. ಅವರಿಗೆ ಹೇಳುವ ಮಾತು ಚಿಕ್ಕದಾಗಿ, ಸ್ಪಷ್ಟವಾಗಿ ಇರಲಿ.

ನೆರೆಮನೆಯ ಹಿರಿಯರಿಗೆ: ‘ಚಾಚಾ, ನೀವು ಬಂದದ್ದೇ ಅಬ್ಬಾಗೆ ಅರ್ಧ ವಾಸಿಯಾದಂತೆ. ಈಗಷ್ಟೇ ಕಣ್ಣು ಮುಚ್ಚಿದ್ದಾರೆ. ಎದ್ದ ಮೇಲೆ ನಿಮ್ಮ ಸಲಾಮ್ ಹೇಳುತ್ತೇನೆ. ಮುಂದಿನ ವಾರ ನಾನೇ ಬಂದು ಕರೆದುಕೊಂಡು ಬರುತ್ತೇನೆ.’ ನಿಜವಾಗಿ ಮಲಗಿದ್ದರೆ ಮಾತ್ರ ಹೀಗೆ ಹೇಳಿ. ಇಲ್ಲವಾದರೆ ‘ಮಾತಾಡುವ ಸ್ಥಿತಿಯಲ್ಲಿಲ್ಲ’ ಎಂದರೆ ಸಾಕು.

ಆತ್ಮೀಯ ಖಾಲಾಗೆ: ‘ಖಾಲಾ, ನಿಮ್ಮ ಹತ್ತಿರ ಮುಚ್ಚಿಡುವುದು ಏನಿದೆ. ಆಪಾಗೆ ಎದ್ದು ಕೂತರೆ ಹೊಲಿಗೆ ನೋಯುತ್ತದೆ. ನಿಮ್ಮನ್ನು ನೋಡಿದರೆ ಏಳದೆ ಇರುವುದಿಲ್ಲ. ಬಾಗಿಲಿಂದಲೇ ಒಂದು ಸಲಾಮ್ ಹೇಳಿಬಿಡಿ.’

ಕೆಮ್ಮುತ್ತ ಬಂದವರಿಗೆ: ‘ಮಾಮು, ನಿಮಗೆ ನೆಗಡಿ ಇದ್ದಂತಿದೆ. ಅಬ್ಬಾಗೆ ಕೆಮ್ಮು ಬಂದರೆ ಹೊಲಿಗೆ ತಡೆಯುವುದಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಹುಷಾರಾದ ಮೇಲೆ ಬನ್ನಿ.’ ರೋಗದ ಒಂಟೆಗಳನ್ನು ಆರೋಗ್ಯದ ಒಂಟೆಗಳ ಬಳಿ ತರಬಾರದೆಂದು ಪ್ರವಾದಿ(ಸ) ಹೇಳಿದ್ದಾರೆ. ಪ್ರಾಣಿಗಳ ವಿಷಯದಲ್ಲಿ ಇರುವ ಈ ಎಚ್ಚರಿಕೆ ಮನುಷ್ಯರ ವಿಷಯದಲ್ಲಿ ಇನ್ನೂ ಹೆಚ್ಚು ಬೇಕಲ್ಲವೇ?

ದೂರದಿಂದ ಬಂದವರ ವಿಷಯದಲ್ಲಿ ಮಧ್ಯಮ ದಾರಿ ಹಿಡಿಯಿರಿ. ಹೊಳಲ್ಕೆರೆಯಿಂದ ಮಗುವನ್ನು ಎತ್ತಿಕೊಂಡು ಬಿಸಿಲಲ್ಲಿ ಬಂದ ನಾದಿನಿಯನ್ನು ಮೆಟ್ಟಿಲಿಂದಲೇ ಕಳಿಸುವುದು ನಮ್ಮ ಅದಬಲ್ಲ. ಮುಂದಿನ ಕೋಣೆಯಲ್ಲಿ ಕೂರಿಸಿ, ನೀರು ಕೊಡಿ. ಕೈ ತೊಳೆದ ಮೇಲೆ ಒಬ್ಬೊಬ್ಬರಾಗಿ ರೋಗಿಯ ಬಾಗಿಲವರೆಗೆ ಹೋಗಿ, ಸಲಾಮ್ ಹೇಳಿ, ದುವಾ ಮಾಡಿ ಬರಲಿ. ಮಕ್ಕಳು ಹೊರಗೇ ಇರಲಿ. ಉಳಿದ ಮಾತೆಲ್ಲ ಹಾಲ್‌ನಲ್ಲಿ. ರೋಗಿಯ ಕೋಣೆಯಲ್ಲಿ ಕುರ್ಚಿಗಳನ್ನೇ ಇಡದಿದ್ದರೆ ಭೇಟಿ ತಾನಾಗಿಯೇ ಚಿಕ್ಕದಾಗುತ್ತದೆ.

ಬಾಗಿಲಿಗೆ ಒಂದು ಚೀಟಿ ಅಂಟಿಸುವುದರಲ್ಲೂ ತಪ್ಪಿಲ್ಲ: ‘ರೋಗಿ ವಿಶ್ರಾಂತಿಯಲ್ಲಿದ್ದಾರೆ. ಭೇಟಿ ಅಸರ್‌ನಿಂದ ಮಗ್ರಿಬ್‌ವರೆಗೆ, ಹತ್ತು ನಿಮಿಷ. ದುವಾದಲ್ಲಿ ನೆನೆಯಿರಿ.’ ಕೆಳಗೆ ಉರ್ದುವಿನಲ್ಲೂ ಬರೆಯಿರಿ. ನಿಯಮ ಎಲ್ಲರಿಗೂ ಒಂದೇ ಇರಲಿ. ಕಾರಿನಲ್ಲಿ ಬಂದ ಬೀಗರಿಗೆ ಬಾಗಿಲು ತೆರೆದು, ನಡೆದು ಬಂದ ಬಡ ನೆಂಟರಿಗೆ ಮುಚ್ಚಿದರೆ ಆ ನೋವು ಮಾಯುವುದಿಲ್ಲ, ಅದಕ್ಕೆ ಕಾರಣವೂ ಸಿಗುವುದಿಲ್ಲ. ಪಕ್ಕದ ಮನೆಯ ಹಿಂದೂ ಕುಟುಂಬ ಹಣ್ಣು ಹಿಡಿದು ಬಂದರೂ ಅದೇ ಗೌರವ, ಅದೇ ಮಾತು.

ಬಾಣಂತಿ, ಕಣ್ಣು, ಹೃದಯ

ಎಲ್ಲ ಆಪರೇಷನ್‌ಗಳೂ ಒಂದೇ ಅಲ್ಲ. ಕೆಲವು ಕಡೆ ವಿಶೇಷ ಎಚ್ಚರ ಬೇಕು.

ಸಿಸೇರಿಯನ್ ಆದ ಬಾಣಂತಿಯನ್ನು ಜನ ರೋಗಿಯೆಂದು ನೋಡುವುದೇ ಇಲ್ಲ, ಮಗುವಿನ ಖುಷಿಯಲ್ಲಿ ಹೊಲಿಗೆ ಮರೆತುಹೋಗುತ್ತದೆ. ಅದು ಹೊಟ್ಟೆಯ ದೊಡ್ಡ ಆಪರೇಷನ್. ಕೋಣೆಯಲ್ಲಿ ಜನರಿದ್ದರೆ ತಾಯಿ ಹಾಲುಣಿಸಲು ನಾಚುತ್ತಾಳೆ, ಮಗು ಹಸಿವಿನಿಂದ ಅಳುತ್ತದೆ, ಎದೆಯಲ್ಲಿ ಹಾಲು ಕಟ್ಟಿ ಜ್ವರ ಬರುತ್ತದೆ. ಎಳೆಮಗುವಿನ ಮುಖಕ್ಕೆ ಮುತ್ತಿಡುವುದು, ಕೈಯಿಂದ ಕೈಗೆ ದಾಟಿಸುವುದು ಬೇಡ. ದೊಡ್ಡವರ ಸಾಮಾನ್ಯ ಕೆಮ್ಮು ನಾಯಿಕೆಮ್ಮಿನದ್ದಾಗಿದ್ದರೆ ಎಳೆಕೂಸಿನ ಜೀವಕ್ಕೇ ಅಪಾಯ. ಕಿವಿಯಲ್ಲಿ ಅಝಾನ್ ಹೇಳಲು ಒಬ್ಬರು ಸಾಕು. ಅಕೀಕಾ ಏಳನೆಯ ದಿನ ಮಾಡುವುದು ಸುನ್ನತ್. ಆದರೆ ಅದಕ್ಕೆ ಮನೆಯಲ್ಲಿ ಜನ ಸೇರಿಸಲೇಬೇಕೆಂದಿಲ್ಲ. ಮಾಂಸವನ್ನು ಹಂಚಿ ಕಳಿಸಬಹುದು. ಆ ದಿನ ಆಗದಿದ್ದರೆ ಅನಂತರ ಮಾಡಬಹುದೆಂದು ಉಲಮಾಗಳು ಹೇಳಿದ್ದಾರೆ. ಊಟದ ದಾವತ್ತನ್ನು ಚಿಲ್ಲಾ ಮುಗಿದ ಮೇಲೆ ಇಟ್ಟುಕೊಂಡರೆ ತಾಯಿಯೂ ಎಲ್ಲರ ಜೊತೆ ಕೂರಬಹುದು.

ಕಣ್ಣಿನ ಪೊರೆಯ ಆಪರೇಷನ್ ಆದವರು ನೋಡಲು ಗಟ್ಟಿಯಾಗಿಯೇ ಇರುತ್ತಾರೆ. ಆದರೆ ನಮ್ಮ ದುರ್ಗದ ಗಾಳಿ, ಧೂಳು ಎಲ್ಲರಿಗೂ ಗೊತ್ತು. ಡಾಕ್ಟರು ಹೇಳಿದಷ್ಟು ವಾರ ಕಣ್ಣಿಗೆ ಧೂಳು, ಹೊಗೆ, ನೀರು ತಗಲಬಾರದು. ಬಗ್ಗುವುದು, ಕಣ್ಣುಜ್ಜುವುದು ಕೂಡದು. ದೊಡ್ಡವರನ್ನು ಅಪ್ಪಿಕೊಂಡು ಮುಸಾಫಹಾ ಮಾಡುವಾಗ, ಮೊಮ್ಮಕ್ಕಳು ಮೈಮೇಲೆ ಬೀಳುವಾಗ ಕಣ್ಣಿಗೆ ಕೈ ತಾಗಬಹುದು.

ಬೈಪಾಸ್ ಆದವರನ್ನು ಎಂದೂ ಅಪ್ಪಿಕೊಳ್ಳಬೇಡಿ, ಕೈ ಹಿಡಿದು ಎಳೆದು ಎಬ್ಬಿಸಬೇಡಿ. ಅವರೆದುರು ಆಸ್ತಿ ವ್ಯಾಜ್ಯ, ರಾಜಕೀಯ, ಮದುವೆಯ ತಕರಾರು ತೆಗೆಯುವುದೂ ಬೇಡ.

ಬರಲಾಗದವರು ಏನು ಮಾಡಬಹುದು?

ಹೋಗಿ ನೋಡದಿದ್ದರೆ ಹಕ್ಕು ಬಾಕಿ ಉಳಿಯಿತು ಎಂಬ ಚಿಂತೆ ಬೇಡ. ಸಹೋದರನಿಗಾಗಿ ಅವನ ಗೈರುಹಾಜರಿಯಲ್ಲಿ ಮಾಡಿದ ದುವಾಗೆ ಮಲಕ್ ಆಮೀನ್ ಹೇಳುತ್ತಾರೆ, ನಿನಗೂ ಅದೇ ಸಿಗಲಿ ಎನ್ನುತ್ತಾರೆ ಎಂಬ ಅರ್ಥದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಕೊರೊನಾದ 2020–21ರಲ್ಲಿ ನಾವು ಎಷ್ಟೋ ರೋಗಿಗಳನ್ನು ನೋಡಲು ಹೋಗಲಿಲ್ಲ. ಮನೆಯಲ್ಲೇ ಕುಳಿತು ದುವಾ ಮಾಡಿದೆವು. ಅದರಿಂದ ನೆಂಟಸ್ತನ ಕಡಿದುಹೋಗಲಿಲ್ಲ.

ದುವಾದ ಜೊತೆ ಕೈಯಿಂದಾಗುವ ಕೆಲಸವೂ ಇದೆ. ಜಅ್‌ಫರ್(ರ) ಹುತಾತ್ಮರಾದ ಸುದ್ದಿ ಬಂದಾಗ ಅವರ ಮನೆಯವರಿಗೆ ಅಡುಗೆ ಮಾಡಿ ಕಳಿಸುವಂತೆ ಪ್ರವಾದಿ(ಸ) ಹೇಳಿದರು. ಅದು ಸಾವಿನ ಮನೆಯ ವಿಷಯ. ಆದರೆ ಕಷ್ಟದಲ್ಲಿರುವ ಮನೆಗೆ ಊಟ ಹೋಗಬೇಕೇ ಹೊರತು, ಆ ಮನೆ ನಮಗೆ ಊಟ ಹಾಕಬೇಕಾಗಿ ಬರಬಾರದು ಎಂಬ ಪಾಠ ಇಲ್ಲೂ ಸಲ್ಲುತ್ತದೆ. ಕ್ಯಾರಿಯರಿನಲ್ಲಿ ಸಾರು–ಅನ್ನ ಕಳಿಸಿ, ಬಾಗಿಲಲ್ಲೇ ಕೊಟ್ಟು ಬನ್ನಿ. ಸಕ್ಕರೆ ಕಾಯಿಲೆಯವರಿಗೆ ಮಿಠಾಯಿ ಬೇಡ. ಔಷಧಿ ತರುವುದು, ಮಕ್ಕಳನ್ನು ಶಾಲೆಗೆ ಬಿಡುವುದು, ಡ್ರೆಸ್ಸಿಂಗ್ ದಿನ ಆಟೋ ತರುವುದು, ರಾತ್ರಿ ಕಾವಲಿದ್ದವರಿಗೆ ಒಂದು ಮಧ್ಯಾಹ್ನ ನಿದ್ದೆ ಮಾಡಲು ಬಿಡುವು ಕೊಡುವುದು — ಇವೆಲ್ಲ ಇಯಾದತ್‌ನ ಭಾಗವೇ.

ಹೋಗುವುದೇ ಆದರೆ ಮೊದಲು ಫೋನ್ ಮಾಡಿ ಕೇಳಿ. ಒಬ್ಬರೋ ಇಬ್ಬರೋ ಹೋಗಿ. ನೆಗಡಿ, ಜ್ವರ, ಭೇದಿ ಇದ್ದರೆ ಹೋಗಬೇಡಿ. ಸೋಪು ಹಚ್ಚಿ 20 ಸೆಕೆಂಡಾದರೂ ಕೈ ತೊಳೆಯಿರಿ. ಹಾಸಿಗೆಯ ಮೇಲೆ ಕೂರಬೇಡಿ. ಗಾಯ ಕೇಳಬೇಡಿ, ಖರ್ಚು ಕೇಳಬೇಡಿ. ದುವಾ ಮಾಡಿ, ಹತ್ತು ನಿಮಿಷದಲ್ಲಿ ಎದ್ದು ಬನ್ನಿ. ಚಹಾ ಬೇಡವೆಂದು ಮೊದಲೇ ಹೇಳಿ.

ಬಾಗಿಲು ಪೂರ್ತಿ ಮುಚ್ಚುವುದೂ ಬೇಡ

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲೂ ಇದೆ. ಒಬ್ಬರೇ ಕೋಣೆಯಲ್ಲಿ ಛಾವಣಿ ನೋಡುತ್ತ ಮಲಗಿದ ಹಿರಿಯರ ಮನಸ್ಸು ಕುಗ್ಗುತ್ತದೆ. ಊಟ ಸೇರುವುದಿಲ್ಲ, ನಡೆಯಲು ಉತ್ಸಾಹ ಇರುವುದಿಲ್ಲ. ಯಾರನ್ನು ನೋಡಬೇಕೆನಿಸುತ್ತದೆ ಎಂದು ರೋಗಿಯನ್ನೇ ಕೇಳಿ. ಅವರು ಹೇಳಿದ ಒಬ್ಬ ಹಳೆಯ ಗೆಳೆಯ, ಒಬ್ಬ ತಂಗಿ ಬರಲಿ. ಉಳಿದವರೊಡನೆ ವಿಡಿಯೋ ಕಾಲ್‌ನಲ್ಲಿ ಎರಡು ಮಾತಾಗಲಿ. ವಿಶ್ರಾಂತಿಯ ನೆಪದಲ್ಲಿ ಹಳೆಯ ಮುನಿಸು ತೀರಿಸಿಕೊಳ್ಳುವುದಂತೂ ಖಂಡಿತ ಬೇಡ. ಮುನಿಸಿಕೊಂಡ ನೆಂಟರು ಕಾಯಿಲೆಯ ಸುದ್ದಿ ಕೇಳಿ ಬರಲು ಮನಸ್ಸು ಮಾಡಿದರೆ, ಅವರಿಗೆ ದಿನ ಗೊತ್ತುಮಾಡಿ ಮೊದಲು ಕರೆಯಿರಿ.

ಕೊಟ್ಟ ಮಾತನ್ನೂ ಉಳಿಸಿಕೊಳ್ಳಿ. ‘ನಾವೇ ಕರೆಯುತ್ತೇವೆ’ ಎಂದವರು ಎರಡು ವಾರದ ನಂತರ ನಿಜವಾಗಿ ಫೋನ್ ಮಾಡಬೇಕು. ವಾಪಸ್ ಹೋದವರ ಹೆಸರುಗಳನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಂಡು, ರೋಗಿಯಿಂದಲೇ ಒಂದೊಂದು ನಿಮಿಷ ಮಾತಾಡಿಸಿ. ‘ಬಂದಿದ್ದಿರಂತೆ, ಸಿಗಲಾಗಲಿಲ್ಲ, ಈಗ ಬನ್ನಿ’ ಎಂಬ ಆ ಒಂದು ಮಾತಿನಿಂದ ಬೇಸರವೆಲ್ಲ ಕರಗುತ್ತದೆ.

ಕೊನೆಯದಾಗಿ, ಜನ ಕಡಿಮೆಯಿದ್ದಾಗ ಸಿಗುವ ಸಮಯವನ್ನು ರೋಗಿಯ ಮೇಲೆ ಕಣ್ಣಿಡಲು ಬಳಸಿ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ದಾಟಿದ ಜ್ವರ, ಗಾಯದ ಸುತ್ತ ಹರಡುವ ಕೆಂಪು, ಕೀವು, ದುರ್ವಾಸನೆ, ಹೊಲಿಗೆ ಬಿಚ್ಚಿಕೊಳ್ಳುವುದು, ನಿಲ್ಲದ ವಾಂತಿ, ಮೂತ್ರ ಕಟ್ಟುವುದು, ಒಂದೇ ಕಾಲಿನ ಮೀನಖಂಡದಲ್ಲಿ ಊತ–ನೋವು — ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ ಅಥವಾ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಗಾಯದಿಂದ ರಕ್ತ ಸುರಿದರೆ ಕಾಯದೆ 108ಕ್ಕೆ ಕರೆ ಮಾಡಿ.

ಇಯಾದತ್ ಇರುವುದು ರೋಗಿಗಾಗಿ. ಅವರಿಗೆ ನೆಮ್ಮದಿ ಸಿಕ್ಕರೆ ನಾವು ಹಾಸಿಗೆಯ ಪಕ್ಕ ಕುಳಿತು ಬಂದರೂ ಸರಿ, ಬಾಗಿಲಿಂದಲೇ ಸಲಾಮ್ ಹೇಳಿ ಹಿಂತಿರುಗಿದರೂ ಸರಿ. ಹಿಂತಿರುಗಿ ಎಂದು ಹೇಳುವ ಮನೆಯವರಿಗೆ ಮೃದುವಾದ ಮಾತನ್ನೂ, ಹಿಂತಿರುಗುವವರಿಗೆ ವಿಶಾಲವಾದ ಮನಸ್ಸನ್ನೂ, ಹಾಸಿಗೆಯಲ್ಲಿರುವ ಎಲ್ಲರಿಗೂ ಪೂರ್ಣ ಶಿಫಾವನ್ನೂ ಅಲ್ಲಾಹನು ದಯಪಾಲಿಸಲಿ. ಆಮೀನ್.